ಕಲ್ಲಿನಲ್ಲಿ ಕೊರೆದ ಕಾಲುವೆ: ಬಳ್ಳಾರಿ ಸೀಮೆಯ ಶಿಲಾಕರ್ಮದ ಒಂದು ಸಮಸ್ಯೆ

೧. ವಿಷಯ ಪ್ರವೇಶ

ಬಳ್ಳಾರಿ ನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಎಂಬ ಗ್ರಾಮಗಳ ನಡುವೆ, ಗ್ರಾನೈಟ್ ಬೆಟ್ಟಗಳ ಒಂದು ಗುಂಪಿದೆ. ಆಂಗ್ಲ ಗ್ರಂಥಗಳಲ್ಲಿ 'ಕುಪ್ಗಲ್' ಎಂದು ಬರೆಯಲ್ಪಟ್ಟಿರುವುದು ಈ ಕಪ್ಪಗಲ್ಲೇ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಯಾವ ಅರಸನ ಕಾಲದ್ದು?" ಅರಸರು ಹುಟ್ಟುವುದಕ್ಕೆ ಬಹು ಹಿಂದಿನದೆಂದು ಉತ್ತರ ಹೇಳಿದೊಡನೆ ಅವರ ಕುತೂಹಲವು ಅರ್ಧ ಕುಗ್ಗುತ್ತದೆ. ಅದು ಅವರ ತಪ್ಪಲ್ಲ. ನಾವು ಕಲಿಸಿದ ಇತಿಹಾಸದ ತಪ್ಪು. 'ಯಾರ ಕಾಲದ್ದು' ಎಂದು ಕೇಳಲು ಕಲಿಸಿದಷ್ಟು ಶ್ರದ್ಧೆಯಿಂದ 'ಹೇಗೆ ಮಾಡಿದರು' ಎಂದು ಕೇಳಲು ನಾವು ಕಲಿಸಿಲ್ಲ.

ಈ ಲೇಖನದ ವಿಷಯವು ಆ ಎರಡನೆಯ ಪ್ರಶ್ನೆಯ ಒಂದು ಸಣ್ಣ ಭಾಗ. ಕಠಿಣವೂ ಪೆಡಸೂ ಆದ ಪದಾರ್ಥದಲ್ಲಿ, ಅಂದರೆ ಬಾಗದೆ ಬಳುಕದೆ ಒಮ್ಮೆಲೇ ಒಡೆಯುವ ಪದಾರ್ಥದಲ್ಲಿ, ಮನುಷ್ಯನು ತನಗೆ ಬೇಕಾದ ಗೆರೆಯನ್ನು, ರಂಧ್ರವನ್ನು, ಕಾಲುವೆಯನ್ನು ಹೇಗೆ ಕೊರೆದನು? ಪ್ರಶ್ನೆ ಹಳೆಯದು, ಆದರೆ ಅದು ಇಂದಿಗೂ ಮುಗಿದಿಲ್ಲ. ಇಂದಿನ ಪ್ರಯೋಗಶಾಲೆಗಳಲ್ಲಿ ಗಾಜು, ಸ್ಫಟಿಕ, ಸಿಲಿಕಾನ್ ಮೊದಲಾದವುಗಳ ಫಲಕಗಳ ಮೇಲೆ ತಲೆಗೂದಲಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಿರಿದಾದ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ಒಂದು ಹನಿ ರಕ್ತವನ್ನೋ ರಾಸಾಯನಿಕ ದ್ರಾವಣವನ್ನೋ ಹರಿಸಿ ಪರೀಕ್ಷಿಸುತ್ತಾರೆ. 'ಮೈಕ್ರೋಫ್ಲೂಯಿಡಿಕ್ಸ್' ಎಂದು ಕರೆಯಲ್ಪಡುವ ಈ ವಿದ್ಯೆಯಲ್ಲಿ ತೊಡಗಿದವರ ಮುಖ್ಯ ತೊಡಕುಗಳಲ್ಲೊಂದು ಸಂಗನಕಲ್ಲಿನ ಕುಶಲಕರ್ಮಿಯ ತೊಡಕೇ ಆಗಿದೆ: ಬೇಕಾದಷ್ಟು ಪದಾರ್ಥ ಹೋಗಬೇಕು, ಉಳಿದದ್ದು ಬಿರುಕು ಬಿಡಬಾರದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರು ಕಡೆಗಳ ಸಾಕ್ಷ್ಯವನ್ನು ಕ್ರಮವಾಗಿ ಪರಿಶೀಲಿಸಿ, ಇಂದಿನ ವಿಜ್ಞಾನವು ಆ ಸಾಕ್ಷ್ಯವನ್ನು ಓದಲು ನಮಗೆ ಹೇಗೆ ನೆರವಾಗುತ್ತದೆಂಬುದನ್ನು ತೋರಿಸುವುದು ಇಲ್ಲಿಯ ಉದ್ದೇಶ. ಪ್ರಾರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಪೂರ್ವಿಕರಿಗೆ ಇಂದಿನ ಸೂಕ್ಷ್ಮತಂತ್ರವು ಗೊತ್ತಿತ್ತೆಂದು ಸಾಧಿಸುವುದು ಈ ಲೇಖಕನ ಇಚ್ಛೆಯಲ್ಲ. ಅಂಥ ಮಾತು ಪೂರ್ವಿಕರಿಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ.

೨. ಪೆಡಸು ಪದಾರ್ಥದ ಸ್ವಭಾವ

ಹಸಿ ಜೇಡಿಮಣ್ಣಿನ ಮೇಲೆ ಬೆರಳೆಳೆದರೆ ಕಾಲುವೆಯಾಗುತ್ತದೆ. ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯೆಳೆದರೆ ಲೋಹವು ಪಕ್ಕಕ್ಕೆ ಸರಿದು ಗೆರೆಗೆ ಎಡೆಗೊಡುತ್ತದೆ. ಗಾಜಿಗಾಗಲಿ ಗ್ರಾನೈಟಿಗಾಗಲಿ ಹೀಗೆ ಸರಿಯುವ ಗುಣವಿಲ್ಲ. ಅವು ಒತ್ತಡವನ್ನು ಸಹಿಸುವಷ್ಟು ಸಹಿಸಿ, ಮಿತಿ ಮೀರಿದಾಗ ಬಿರಿಯುತ್ತವೆ. ಆದುದರಿಂದ ಇಂಥ ಪದಾರ್ಥವನ್ನು 'ಕತ್ತರಿಸುವುದು' ಎಂಬ ಮಾತು ಬಹುಮಟ್ಟಿಗೆ ಉಪಚಾರದ ಮಾತು. ನಿಜವಾಗಿ ನಡೆಯುವುದು ಒಡೆಯುವ ಕ್ರಿಯೆಯೇ. ಕುಶಲತೆಯಿರುವುದು ಅದರ ಅಳತೆಯನ್ನು ಅಂಕೆಯಲ್ಲಿಡುವುದರಲ್ಲಿ.

ಈ ಸ್ವಭಾವವನ್ನು ಗಣಿತದ ಮೂಲಕ ಅರಿಯುವ ಪ್ರಯತ್ನವು ಬಹಳ ಹಳೆಯದಲ್ಲ. ಗುಂಡಾದ ಘನವಸ್ತುವೊಂದು ಮತ್ತೊಂದನ್ನು ಒತ್ತಿದಾಗ ಉಂಟಾಗುವ ಒತ್ತಡದ ಲೆಕ್ಕವನ್ನು ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ೧೮೮೦ರ ದಶಕದ ಮೊದಲಲ್ಲಿ ಪ್ರಕಟಿಸಿದನು. ಗಾಜಿನ ಮೇಲೆ ಗುಂಡು ಬಿದ್ದಲ್ಲಿ ಶಂಕುವಿನ ಆಕಾರದ ಬಿರುಕು ಹರಡುವುದಕ್ಕೆ ಅವನ ಹೆಸರನ್ನೇ ಇಟ್ಟಿರುವರು. ೧೯೨೧ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಮತ್ತೊಂದು ಮುಖ್ಯ ಸಂಗತಿಯನ್ನು ಹೊರಗೆಡವಿದನು. ಗಾಜಿಗೆ ಸಿದ್ಧಾಂತದಂತೆ ಇರಬೇಕಾದ ಬಲಕ್ಕೂ ನಿಜವಾಗಿ ಇರುವ ಬಲಕ್ಕೂ ನಡುವೆ ಬಹು ದೊಡ್ಡ ಅಂತರವಿದೆ. ಆ ಅಂತರಕ್ಕೆ ಕಾರಣ ಅದರಲ್ಲಿ ಮೊದಲೇ ಅಡಗಿರುವ, ಕಣ್ಣಿಗೆ ಕಾಣದ ಕಿರುಬಿರುಕುಗಳು. ಎಳೆತವೆಲ್ಲ ಬಿರುಕಿನ ತುದಿಯಲ್ಲಿ ಬಂದು ಸೇರುವುದರಿಂದ ಅದು ಮುಂದಕ್ಕೆ ಓಡುತ್ತದೆ.

ಇದರಿಂದ ಹೊರಡುವ ತತ್ತ್ವ ಸರಳವಾದುದು. ಏಟು ದೊಡ್ಡದಾದಷ್ಟೂ ಬಿರುಕು ಆಳಕ್ಕೆ ಇಳಿಯುತ್ತದೆ. ಏಟು ಚಿಕ್ಕದಾದಷ್ಟೂ ಹಾನಿಯು ಮೇಲ್ಮೈಯಲ್ಲೇ ನಿಲ್ಲುತ್ತದೆ. ತೀರ ಸಣ್ಣ ಅಳತೆಯಲ್ಲಿ, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಆಳಕ್ಕೆ ವಜ್ರದ ಮೊನೆಯಿಂದ ಕೆರೆದಾಗ, ಗಾಜು ಕೂಡ ಒಡೆಯದೆ ಲೋಹದಂತೆ ಸರಿಯುವುದನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಂಶೋಧಕರು ಕಂಡುಕೊಂಡರು. ಮೃದುವಾಗಿ, ಸ್ವಲ್ಪ ಸ್ವಲ್ಪವಾಗಿ, ಬಹಳ ಹೊತ್ತು: ಕಲ್ಲು ಬಯಸುವುದು ಇಷ್ಟೇ. ಇದಕ್ಕೆ ತೆರಬೇಕಾದ ಬೆಲೆ ಕಾಲ.

ಹೀಗಿರುವಲ್ಲಿ ಪೆಡಸು ಪದಾರ್ಥವನ್ನು ತೆಗೆಯುವ ಹಾದಿಗಳು ಕೆಲವೇ. ಬಿರುಕನ್ನೇ ಬೇಕಾದ ದಿಕ್ಕಿಗೆ ಓಡಿಸಿ ಸೀಳುವುದು. ಸಣ್ಣ ಏಟುಗಳಿಂದ ಕುಟ್ಟಿ ಪುಡಿಮಾಡುವುದು. ಮರಳಿನಂಥ ಕಠಿಣ ಕಣಗಳಿಂದ ಅರೆಯುವುದು. ಬೆಂಕಿಯಿಂದ ಹಿಗ್ಗಿಸಿ ಸಿಡಿಸುವುದು. ಮತ್ತು ಆಮ್ಲ ಅಥವಾ ಕ್ಷಾರದಿಂದ ಕರಗಿಸುವುದು. ಇವುಗಳಲ್ಲಿ ಮೊದಲ ನಾಲ್ಕು ಹಾದಿಗಳು ಪ್ರಾಚೀನ. ಐದನೆಯದು ಮಾತ್ರ ಹೊಸದು.

೩. ಸಂಗನಕಲ್ಲು ಮತ್ತು ಕಪ್ಪಗಲ್ಲು

ಈ ಬೆಟ್ಟಗಳ ನವಶಿಲಾಯುಗದ ಅವಶೇಷಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರಲ್ಲಿ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ (೧೮೩೪–೧೯೧೨) ಅಗ್ರಗಣ್ಯರು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರತಂದರು. ೧೯೬೪–೬೫ರಲ್ಲಿ ಜೆಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಮತ್ತೆ ಅಗೆದರು. ಈ ಶತಮಾನದ ಆದಿಯಿಂದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮೊದಲಾದವರು ನಡೆಸಿದ ಸಂಶೋಧನೆಯಿಂದ ನಮ್ಮ ತಿಳಿವಳಿಕೆಯು ಇನ್ನಷ್ಟು ಖಚಿತವಾಯಿತು.

ಬೆಟ್ಟದ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕಪ್ಪುಶಿಲೆಯ ಗೋಡೆಯಂಥ ಪಟ್ಟಿಗಳು ಹಾದುಹೋಗಿವೆ. ಈ ಕಪ್ಪುಶಿಲೆಯಿಂದ ಇಲ್ಲಿಯ ಜನ ಕೊಡಲಿಗಳನ್ನು ಮಾಡಿದರು. ಕ್ರಿ. ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಹಿರೇಗುಡ್ಡವು ಒಂದು ದೊಡ್ಡ ಕೊಡಲಿ ಕಾರ್ಖಾನೆಯೇ ಆಗಿದ್ದಿತು. ಕೊಡಲಿಯ ತಯಾರಿಕೆಯಲ್ಲಿ ಹಂತಗಳನ್ನು ಗುರುತಿಸಬಹುದು. ಮೊದಲು ಗುಂಡುಕಲ್ಲಿನ ಏಟಿನಿಂದ ಚಕ್ಕೆಯೆಬ್ಬಿಸಿ ಸ್ಥೂಲರೂಪ ಕೊಡುವುದು; ಬಳಿಕ ಅಂಚು ಏಣುಗಳನ್ನು ಸಣ್ಣ ಏಟುಗಳಿಂದ ಕುಟ್ಟಿ ಸಮಮಾಡುವುದು; ಕೊನೆಯಲ್ಲಿ ಬಂಡೆಯ ಮೇಲೆ ಅರೆದು, ಉಜ್ಜಿ, ನುಣುಪುಗೊಳಿಸುವುದು. ಒಂದೊಂದು ಹಂತದಲ್ಲೂ ಏಟಿನ ಬಲವು ಕಡಿಮೆಯಾಗುತ್ತ, ಹಿಡಿಯುವ ಕಾಲವು ಹೆಚ್ಚುತ್ತ ಹೋಗುವುದನ್ನು ವಾಚಕರು ಗಮನಿಸಬೇಕು. ಹಿಂದೆ ಹೇಳಿದ ತತ್ತ್ವವೇ ಇಲ್ಲಿ ಆಚರಣೆಯ ರೂಪದಲ್ಲಿದೆ. ಚಕ್ಕೆಯೆಬ್ಬಿಸುವವನು ಹರ್ಟ್ಸನ ಶಂಕುಬಿರುಕನ್ನು ತನ್ನ ಕೆಲಸಕ್ಕೆ ದುಡಿಸಿಕೊಂಡನು. ಅರೆಯುವವನು ಅದು ಹುಟ್ಟದಂತೆ ಕಾದನು.

ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದ ಎರಡು ಬಗೆಯ ಗುರುತುಗಳು ಇಲ್ಲಿವೆ. ಮೊದಲನೆಯದು ಅರೆದು ಸವೆದ ತಗ್ಗುಗಳು. ಗ್ರಾನೈಟ್ ಬಂಡೆಯ ಮೇಲೆ ಮತ್ತೆ ಮತ್ತೆ ಉಜ್ಜಿದ್ದರಿಂದ ಅಲ್ಲಿ ದೋಣಿಯಂಥ ನುಣುಪಾದ ಹಳ್ಳವುಂಟಾಗುತ್ತದೆ. ಎರಡನೆಯದು ಕುಟ್ಟಿ ಮೂಡಿಸಿದ ಚಿತ್ರಗಳು. ಎಫ್. ಫಾಸೆಟ್ ೧೮೯೨ರಲ್ಲಿ ವರ್ಣಿಸಿದ ಕಪ್ಪಗಲ್ಲಿನ ಬಂಡೆಚಿತ್ರಗಳಲ್ಲಿ ಉದ್ದ ಕೊಂಬಿನ ದನಗಳು ಬಹುಸಂಖ್ಯೆಯಲ್ಲಿವೆ. ಇವು ಗೀಚಿದ ಗೆರೆಗಳಲ್ಲ. ಕಾಲಾಂತರದಲ್ಲಿ ಕಪ್ಪಾದ ಶಿಲೆಯ ಮೇಲ್ಪದರವನ್ನು ಅಸಂಖ್ಯ ಸಣ್ಣ ಏಟುಗಳಿಂದ ಜಜ್ಜಿ, ಒಳಗಿನ ತಿಳಿಬಣ್ಣವನ್ನು ಹೊರತಂದು ಮೂಡಿಸಿದವು. ಹತ್ತಿರದಿಂದ ನೋಡಿದರೆ ಪ್ರತಿಯೊಂದು ಗೆರೆಯೂ ಚುಕ್ಕೆಗಳ ಸಾಲೇ ಆಗಿದೆ. ಅಲ್ಲಿಯ ಕೆಲವು ಡಾಲರೈಟ್ ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಗಳನ್ನು ಗುಂಡುಕಲ್ಲಿನಿಂದ ಬಡಿದರೆ ಬಂಡೆಯು ಲೋಹದಂತೆ ನಾದಗೊಡುತ್ತದೆ. ಒಳಗೆ ಬಿರುಕಿದ್ದ ಕಲ್ಲು ಹೀಗೆ ನಾದ ಮಾಡದು. ಕಲ್ಲನ್ನು ಬಡಿದು ಕಿವಿಗೊಟ್ಟು, ಅದು ಹದವಾಗಿದೆಯೋ ಒಡಕೋ ಎಂದು ನಿರ್ಣಯಿಸುವ ಕಲ್ಲುಕುಟಿಗರ ರೂಢಿಯನ್ನು ಬಲ್ಲವರಿಗೆ ಇದರ ಅರ್ಥ ತಾನೇ ಹೊಳೆಯುತ್ತದೆ.

೪. ಸಿರುಗುಪ್ಪ ಸೀಮೆ: ಮಣಿಯ ರಂಧ್ರ, ಶಾಸನದ ಗೆರೆ

ಬಳ್ಳಾರಿಯಿಂದ ಉತ್ತರಕ್ಕೆ ಸಾಗಿದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಸಿಗುತ್ತದೆ. ಇಲ್ಲಿ ಎಂ. ಎಸ್. ನಾಗರಾಜರಾವ್ ಅವರು ೧೯೬೩–೬೪ರಲ್ಲಿ ನಡೆಸಿದ ಉತ್ಖನನದ ವರದಿಯು, ಕೆ. ಸಿ. ಮಲ್ಹೋತ್ರ ಅವರೊಡನೆ ಬರೆದ ಗ್ರಂಥವಾಗಿ ೧೯೬೫ರಲ್ಲಿ ಪ್ರಕಟವಾಯಿತು. ಬೆಟ್ಟದ ಮೇಲೆ ಗುಡಿಸಲು ಕಟ್ಟಿ ಬಾಳಿದ ನವಶಿಲಾಯುಗದ ಜನರ ಬದುಕು ಇದರಿಂದ ಬೆಳಕಿಗೆ ಬಂದಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಮಣಿಗಳೂ ಸೇರಿವೆ.

ಮಣಿಯನ್ನು ನಾವು ಆಭರಣವೆಂದು ಪಟ್ಟಿಮಾಡಿ ಮುಂದಕ್ಕೆ ಹೋಗುತ್ತೇವೆ. ಆದರೆ ತಂತ್ರದ ದೃಷ್ಟಿಯಿಂದ ಮಣಿಯೆಂದರೆ ಕಲ್ಲಿನಲ್ಲಿ ಕೊರೆದ ಒಂದು ಕಿರಿದಾದ ಕೊಳವೆ. ಬಳಪದ ಕಲ್ಲಿನಂಥ ಮೆತ್ತನೆಯ ಶಿಲೆಯಲ್ಲಿ ಈ ಕೆಲಸ ಸುಲಭ. ಅಗೇಟ್, ಕಾರ್ನೀಲಿಯನ್‌ಗಳಂಥ ಕಲ್ಲುಗಳಲ್ಲಿ ಹಾಗಲ್ಲ. ಜರ್ಮನಿಯ ಫ್ರೀಡ್ರಿಖ್ ಮೋಸ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ರಚಿಸಿದ ಕಾಠಿಣ್ಯದ ಶ್ರೇಣಿಯಲ್ಲಿ ಇವುಗಳ ಸ್ಥಾನ ಸುಮಾರು ೭. ಸಾಮಾನ್ಯ ಗಾಜಿನದು ಸುಮಾರು ೫.೫. ಸಿಂಧೂ ನಾಗರಿಕತೆಯ ಉದ್ದನೆಯ ಕಾರ್ನೀಲಿಯನ್ ಮಣಿಗಳ ವಿಷಯದಲ್ಲಿ ಅಮೆರಿಕದ ಜೆ. ಎಂ. ಕೆನೋಯರ್ ನಡೆಸಿದ ಪ್ರಯೋಗಗಳು ಇಲ್ಲಿ ಸ್ಮರಣೀಯ. ವಿಶೇಷವಾಗಿ ಸಿದ್ಧಪಡಿಸಿದ ಕಲ್ಲಿನ ಬೈರಿಗೆಯಿಂದ ಒಂದು ಗಂಟೆಗೆ ಸುಮಾರು ೨.೫ ಮಿಲಿಮೀಟರಿನಷ್ಟೇ ಆಳ ಕೊರೆಯಲು ಸಾಧ್ಯವಾಯಿತು. ಆರು ಸೆಂಟಿಮೀಟರ್ ಉದ್ದದ ಒಂದು ಮಣಿಗೆ ಇಪ್ಪತ್ತನಾಲ್ಕು ಗಂಟೆಗಳ ಎಡೆಬಿಡದ ಕೊರೆತ!

ಗಟ್ಟಿ ಕಲ್ಲಿನ ಮಣಿಯನ್ನು ಒಂದೇ ಕಡೆಯಿಂದ ಕೊರೆಯದೆ ಎರಡು ತುದಿಗಳಿಂದಲೂ ಕೊರೆದು ನಡುವೆ ಕೂಡಿಸುವುದು ಪ್ರಾಚೀನರ ಪದ್ಧತಿ. ರಂಧ್ರದ ನಡುವೆ ಕಾಣುವ ಸಣ್ಣ ಸೊಟ್ಟು ಅದರ ಗುರುತು. ಇದಕ್ಕೆ ಕಾರಣವಿದೆ. ಬೈರಿಗೆಯು ಹಿಂಬದಿಯಿಂದ ಹೊರಬೀಳುವ ಕ್ಷಣದಲ್ಲಿ ಅಲ್ಲಿಯ ತೆಳುಪದರಕ್ಕೆ ಆಧಾರವಿಲ್ಲದೆ ಚಕ್ಕೆ ಹಾರುತ್ತದೆ. ಇಂದು ಗಾಜಿನ ಫಲಕಕ್ಕೆ ತೂತು ಕೊರೆಯುವವರು ಇದೇ ತೊಂದರೆಯನ್ನು ತಪ್ಪಿಸಲು ಹಿಂಬದಿಗೆ ಮತ್ತೊಂದು ಫಲಕವನ್ನು ಅಂಟಿಸಿ ಕೊರೆಯುತ್ತಾರೆ, ಇಲ್ಲವೆ ಎರಡು ಕಡೆಗಳಿಂದ ಕೊರೆಯುತ್ತಾರೆ. ಒಬ್ಬರಿಂದ ಒಬ್ಬರು ಕಲಿತುದಲ್ಲ. ಪದಾರ್ಥವು ಇಬ್ಬರಿಗೂ ಒಂದೇ ಪಾಠವನ್ನು ಹೇಳಿತು.

ತೆಕ್ಕಲಕೋಟೆಗೆ ಸಮೀಪದ ನಿಟ್ಟೂರಿನಲ್ಲಿಯೂ ಉಡೇಗೋಳದಲ್ಲಿಯೂ ೧೯೭೦ರ ದಶಕದಲ್ಲಿ ಅಶೋಕನ ಕಿರು ಬಂಡೆಶಾಸನಗಳು ಪತ್ತೆಯಾದವು. ೧೯೧೫ರಲ್ಲಿ ಸಿಕ್ಕ ಮಸ್ಕಿಯ ಶಾಸನದಂತೆ ಇವುಗಳಲ್ಲಿಯೂ ಅರಸನ 'ಅಶೋಕ' ಎಂಬ ಹೆಸರೇ ಬಂದಿರುವುದರಿಂದ ಇವು ಪ್ರಸಿದ್ಧವಾದವು. ಹೆಸರಿನ ಮಹತ್ತ್ವದಲ್ಲಿ ಅಕ್ಷರದ ಕೆತ್ತನೆಯು ಮರೆಯಾಯಿತು. ಕ್ರಿ. ಪೂ. ಮೂರನೆಯ ಶತಮಾನದ ಈ ಅಕ್ಷರಗಳೆಂದರೆ ಗಟ್ಟಿ ಶಿಲೆಯಲ್ಲಿ ಕೊರೆದ ಆಳವಿಲ್ಲದ ಕಾಲುವೆಗಳೇ. ಆ ವೇಳೆಗೆ ಕರ್ನಾಟಕದಲ್ಲಿ ಕಬ್ಬಿಣದ ಬಳಕೆಗೆ ಹಲವು ಶತಮಾನಗಳು ಸಂದಿದ್ದವು. ಆದರೆ ಕಬ್ಬಿಣ ಬಂದಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಗ್ರಾನೈಟಿನ ಫೆಲ್ಡ್‌ಸ್ಪಾರಿನ ಕಾಠಿಣ್ಯ ೬, ಸ್ಫಟಿಕದ್ದು ೭. ಮೆದುಕಬ್ಬಿಣವು ಇವೆರಡಕ್ಕೂ ಸೋಲುತ್ತದೆ. ಉಳಿಯ ಮೊನೆಗೆ ಕುಲುಮೆಯಲ್ಲಿ ಹದ ಕೊಟ್ಟರೂ ಅದು ಬೇಗನೆ ಮೊಂಡಾಗುತ್ತದೆ. ಉಳಿಯು ಗ್ರಾನೈಟನ್ನು ಕೊಯ್ಯುವುದಿಲ್ಲ. ಮೊನೆಯ ಕೆಳಗಿನ ಕಣವನ್ನು ಜಜ್ಜಿ ಪುಡಿಮಾಡುತ್ತದೆ, ಅಷ್ಟೆ. ನಮ್ಮ ಮನೆಗಳಲ್ಲಿ ನುಣುಪಾದ ಬೀಸುಕಲ್ಲನ್ನೂ ಒರಳನ್ನೂ ಉಳಿಯಿಂದ ಕುಟ್ಟಿಸಿ ಮತ್ತೆ ತರಿಯಾಗಿ ಮಾಡಿಸುತ್ತಿದ್ದುದನ್ನು ಹಿರಿಯರು ಕಂಡಿರುವರು. ಶಾಸನದ ಗೆರೆಯೂ ಆ ಬಗೆಯ ಏಟುಗಳ ಸಾಲೇ.

ಇದರಿಂದ ಲಿಪಿಯ ಅಭ್ಯಾಸಕ್ಕೂ ಒಂದು ಸೂಚನೆ ದೊರೆಯುತ್ತದೆ. ಎರಡು ಗೆರೆಗಳು ಕೂಡುವ ಮೂಲೆಯಲ್ಲಿಯೂ ಗೆರೆ ಮುಗಿಯುವ ತುದಿಯಲ್ಲಿಯೂ ಚಕ್ಕೆಯೇಳುವ ಸಂಭವ ಹೆಚ್ಚು. ಸವೆದ ಶಾಸನದಲ್ಲಿ ಚಕ್ಕೆಯೆದ್ದ ಗುಳಿಯನ್ನು ಅಕ್ಷರದ ಅಂಗವೆಂದು ಓದುವ ಅಪಾಯವಿದೆ. ಕೆತ್ತಿದವನ ಏಟು ಯಾವುದು, ಕಲ್ಲು ತಾನಾಗಿ ಬಿಟ್ಟ ಬಿರುಕು ಯಾವುದು ಎಂಬ ವಿವೇಕವಿಲ್ಲದೆ ಓದು ಪೂರ್ಣವಾಗದು.

೫. ಕುರುಗೋಡು: ಪಾಣಿಪೀಠದ ಕಾಲುವೆ

ಬಳ್ಳಾರಿ ಮತ್ತು ಸಿರುಗುಪ್ಪಗಳಲ್ಲಿ ಕಂಡ ರಂಧ್ರ, ಗೆರೆಗಳಲ್ಲಿ ದ್ರವ ಹರಿಯುವ ಮಾತಿರಲಿಲ್ಲ. ಕುರುಗೋಡಿನಲ್ಲಿ ಅದೂ ಸೇರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಈ ಊರು ಗ್ರಾನೈಟ್ ಬೆಟ್ಟಗಳ ಮಡಿಲಲ್ಲಿದೆ. ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ನಂದಿಯನ್ನೂ ಪ್ರಾಚೀನ ಶೈವ ದೇವಾಲಯಗಳನ್ನೂ ಕಾಣಲು ಯಾತ್ರಿಕರು ಬರುತ್ತಾರೆ. ಇಲ್ಲಿ ನಾವು ಗಮನಿಸಬೇಕಾದುದು ಶಿವಾಲಯದಲ್ಲಿ ಎಲ್ಲರ ಕಣ್ಣಿಗೂ ಬಿದ್ದು ಯಾರ ಗಮನಕ್ಕೂ ಬಾರದ ಒಂದು ಅಂಗವನ್ನು. ಲಿಂಗದ ಸುತ್ತಲಿನ ಪಾಣಿಪೀಠದ ಮೇಲೆ ತೋಡಿದ ಕಾಲುವೆಯು ಅಭಿಷೇಕದ ನೀರನ್ನು ಕೂಡಿಸಿ, ಒಂದು ಬದಿಗೆ ಚಾಚಿದ ಮೂತಿಯ ಮೂಲಕ ಹೊರಕ್ಕೆ ಬಿಡುತ್ತದೆ. ಗರ್ಭಗೃಹದ ಗೋಡೆಯನ್ನು ದಾಟಿದ ಪ್ರಣಾಳವು ಅದನ್ನು ಹೊರಗೆ ಸುರಿಯುತ್ತದೆ.

ಈ ಕಾಲುವೆಗೆ ಮೂರು ಗುಣಗಳು ಬೇಕು. ನೀರು ನಿಲ್ಲದಂತೆ ಇಳಿಜಾರು ಸಮನಾಗಿರಬೇಕು, ಕೊಳೆ ಕೂರದಂತೆ ಒಳಮೈ ನುಣುಪಾಗಿರಬೇಕು, ಎಲ್ಲಿಯೂ ಬಿರುಕಿರಬಾರದು. ಮೂರನೆಯದು ಕೇವಲ ಸೋರುವ ಮಾತಲ್ಲ. ಭಿನ್ನವಾದ ಮೂರ್ತಿಯೂ ಪೀಠವೂ ಪೂಜೆಗೆ ಸಲ್ಲವೆಂಬುದು ನಮ್ಮಲ್ಲಿ ರೂಢಮೂಲವಾದ ನಿಯಮ. ಹಲವು ವಾರಗಳ ಕೆಲಸವು ಕೊನೆಯ ದಿನದ ಒಂದು ತಪ್ಪು ಏಟಿನಿಂದ ಹಾಳಾಗಬಹುದಾಗಿತ್ತು. ಆದುದರಿಂದ ಶಿಲ್ಪಿಯು ಉಳಿಯಿಂದ ಸ್ಥೂಲವಾಗಿ ತೋಡಿದ ಬಳಿಕ ಏಟನ್ನು ನಿಲ್ಲಿಸಿ, ಮರಳು ನೀರುಗಳಿಂದ ಅರೆದು ಮುಗಿಸುವ ಕ್ರಮವನ್ನು ಅನುಸರಿಸುವುದು ಸಹಜ. ಸಂಗನಕಲ್ಲಿನ ಕೊಡಲಿಯ ಹಂತಗಳು ಇಲ್ಲಿ ಮರಳಿ ಬಂದಿವೆ.

ಚಪ್ಪಡಿಯನ್ನು ಬಂಡೆಯಿಂದ ಬಿಡಿಸುವ ಕೆಲಸದಲ್ಲಿಯೂ ಬಿರುಕೇ ಸಾಧನ. ವಿಜಯನಗರ ಕಾಲದ ಹಂಪಿಯ ಬಂಡೆಗಳಲ್ಲಿ ಇಂದಿಗೂ ಸಾಲಾಗಿ ಕಾಣುವ ಬೆಣೆಗುಳಿಗಳನ್ನು ನೋಡಿ. ಒಂದೇ ಗೆರೆಯಲ್ಲಿ ಸಮದೂರದಲ್ಲಿ ಗುಳಿ ತೋಡಿ, ಬೆಣೆಗಳನ್ನು ಸರದಿಯಂತೆ ಬಿಗಿಯುತ್ತ ಹೋದರೆ ಬಿರುಕು ಗುಳಿಯಿಂದ ಗುಳಿಗೆ ಓಡಿ ಬಂಡೆ ಸೀಳುತ್ತದೆ. ಬೆಂಗಳೂರಿನ ಸುತ್ತ ಸೌದೆಯ ಬೆಂಕಿಯಿಂದ ಗ್ರಾನೈಟಿನ ಪದರವನ್ನು ಎಬ್ಬಿಸುತ್ತಿದ್ದ ಬಗೆಯನ್ನು ಎಚ್. ವಾರ್ತ್ ಎಂಬ ವಿಜ್ಞಾನಿ ೧೮೯೫ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರ್ಣಿಸಿದರು. ಬಂಡೆಯ ಮೇಲ್ಪದರವು ಕಾದು ಹಿಗ್ಗುತ್ತದೆ, ಒಳಪದರವು ತಣ್ಣಗೆ ಉಳಿಯುತ್ತದೆ, ನಡುವೆ ಬಿರುಕು ಹರಿಯುತ್ತದೆ. ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ಬಡಿದು ನಾದ ಕೇಳಿ, ಪದರ ಎಲ್ಲಿಯವರೆಗೆ ಬಿಟ್ಟಿದೆಯೆಂದು ಕೆಲಸಗಾರರು ತಿಳಿಯುತ್ತಿದ್ದರು.

೬. ಗಾಜಿನ ಫಲಕದಲ್ಲಿ

ಇನ್ನು ಆಧುನಿಕ ಪದ್ಧತಿಗಳನ್ನು ಸಂಕ್ಷೇಪವಾಗಿ ನೋಡಬಹುದು. ೧೯೭೯ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಸ್. ಸಿ. ಟೆರಿ ಮತ್ತು ಸಂಗಡಿಗರು ಐದು ಸೆಂಟಿಮೀಟರ್ ವ್ಯಾಸದ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ಸುರುಳಿಯಾಗಿ ಒಂದೂವರೆ ಮೀಟರ್ ಉದ್ದದ ಕಾಲುವೆಯನ್ನು ಕೊರೆದು, ಮೇಲೆ ಗಾಜು ಮುಚ್ಚಿ, ಅನಿಲಗಳನ್ನು ಬೇರ್ಪಡಿಸಿ ಗುರುತಿಸುವ ಉಪಕರಣವನ್ನು ರಚಿಸಿದರು. ೧೯೯೦ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ಇಡೀ ರಾಸಾಯನಿಕ ವಿಶ್ಲೇಷಣೆಯನ್ನೇ ಇಂಥ ಒಂದು ಪುಟ್ಟ ಫಲಕದಲ್ಲಿ ಅಡಕಗೊಳಿಸುವ ಆಲೋಚನೆಯನ್ನು ಮಂಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸೂಕ್ಷ್ಮ ರಚನೆಗಳನ್ನು ನಿರ್ಮಿಸುವ ನ್ಯಾನೋ ವಿಜ್ಞಾನದ ಕೇಂದ್ರವಿದೆ.

ಗಾಜಿನಲ್ಲಿ ಇಂಥ ಕಾಲುವೆಗೆ ಹೆಚ್ಚು ರೂಢವಾದ ಹಾದಿ ಹೈಡ್ರೋಫ್ಲೋರಿಕ್ ಆಮ್ಲದ್ದು. ಫಲಕವನ್ನು ಆಮ್ಲ ತಿನ್ನದ ಪದರದಿಂದ ಮುಚ್ಚಿ, ಕಾಲುವೆ ಬೇಕಾದಲ್ಲಿ ಮಾತ್ರ ಕಿಂಡಿ ಬಿಟ್ಟು, ಆಮ್ಲದಲ್ಲಿ ಇಡುತ್ತಾರೆ. ಇಲ್ಲಿ ಏಟಿಲ್ಲ, ಆದುದರಿಂದ ಹೊಸ ಬಿರುಕೂ ಇಲ್ಲ, ಒಳಮೈ ನುಣುಪು. ಆದರೆ ಆಮ್ಲವು ಕೆಳಕ್ಕೆ ತಿಂದಷ್ಟೇ ಪಕ್ಕಕ್ಕೂ ತಿನ್ನುವುದರಿಂದ ಕಾಲುವೆಯ ಅಗಲವು ಕಿಂಡಿಯ ಅಗಲಕ್ಕಿಂತ ಆಳದ ಎರಡರಷ್ಟು ಹೆಚ್ಚುತ್ತದೆ. ಆಳವಾದರೂ ಕಿರಿದಾದ ಕಾಲುವೆ ಇದರಿಂದ ದೊರೆಯದು. ಜೊತೆಗೆ ಈ ಆಮ್ಲವು ಚರ್ಮದ ಮೂಲಕ ಮೈಯೊಳಕ್ಕೆ ಇಳಿದು ಪ್ರಾಣಾಪಾಯ ತರುವಷ್ಟು ಉಗ್ರ.

ಎರಡನೆಯ ಹಾದಿ ಮರಳೆರಚಿ ಕೊರೆಯುವುದು. ಅಮೆರಿಕದ ಬಿ. ಸಿ. ಟಿಲ್ಗ್‌ಮನ್ ೧೮೭೦ರಲ್ಲಿ ಹಕ್ಕುಪತ್ರ ಪಡೆದ ಈ ತಂತ್ರದ ಸೂಕ್ಷ್ಮರೂಪದಲ್ಲಿ ಅಲ್ಯೂಮಿನಾದ ನವುರಾದ ಕಣಗಳನ್ನು ಗಾಳಿಯ ವೇಗದಿಂದ ಗಾಜಿಗೆ ಹೊಡೆಯುತ್ತಾರೆ. ಕೆಲಸ ಬೇಗ, ಆದರೆ ಕಾಲುವೆಯ ಗೋಡೆ ಇಳಿಜಾರು, ಒಳಮೈ ತರಿತರಿ. ಕಪ್ಪಗಲ್ಲಿನ ಕುಟ್ಟುಚಿತ್ರದ ತತ್ತ್ವವೇ ಇದು. ಗುಂಡುಕಲ್ಲಿನ ಬದಲು ಕಣ್ಣಿಗೆ ಕಾಣದ ಕಣ. ಮೂರನೆಯದು ಶ್ರವಣಾತೀತ ಕಂಪನದ ಹಾದಿ. ಸೆಕೆಂಡಿಗೆ ಇಪ್ಪತ್ತು ಸಾವಿರ ಸಲದಷ್ಟು ಕಂಪಿಸುವ ಉಪಕರಣದ ತುದಿಗೂ ಗಾಜಿಗೂ ನಡುವೆ ಕಠಿಣ ಕಣಗಳ ನೀರನ್ನು ಹಾಯಿಸಿದರೆ, ಕಣಗಳು ಗಾಜನ್ನು ಸ್ವಲ್ಪಸ್ವಲ್ಪವಾಗಿ ಜಜ್ಜುತ್ತವೆ. ನಾಲ್ಕನೆಯದು ಕಿಡಿಯ ಹಾದಿ: ಕ್ಷಾರದ್ರಾವಣದಲ್ಲಿ ವಿದ್ಯುತ್ಕಿಡಿ ಹಾರಿಸಿ ಗಾಜನ್ನು ಕೊರೆಯುವ ಈ ಪದ್ಧತಿಯನ್ನು ೧೯೬೮ರಲ್ಲಿ ಜಪಾನಿನ ಕುರಾಫುಜಿ ಮತ್ತು ಸುದಾ ವರ್ಣಿಸಿದರು. ಐದನೆಯದು ಲೇಸರ್ ಕಿರಣ. ದೀರ್ಘವಾದ ಸ್ಪಂದನದಿಂದ ಗಾಜು ಕಾದು ಸಿಡಿಯುತ್ತದೆ. ಅತ್ಯಲ್ಪಕಾಲದ ಸ್ಪಂದನವನ್ನು ಬಳಸಿದರೆ ಶಾಖ ಹರಡುವುದಕ್ಕೆ ಮುನ್ನವೇ ಕೆಲಸ ಮುಗಿಯುತ್ತದೆ. ಲೇಸರಿನಿಂದ ಗಾಜಿನೊಳಗೆ ಚುಕ್ಕೆಗಳ ಸಾಲು ಮೂಡಿಸಿ, ಆ ಗೆರೆಯಂತೆ ಫಲಕವನ್ನು ಸೀಳುವುದೂ ಉಂಟು. ಹಂಪಿಯ ಬೆಣೆಗುಳಿಗಳನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು.

೭. ಪರಿಶೀಲನೆ

ಈ ಹೋಲಿಕೆಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು? ಪ್ರಾಚೀನ ಕುಶಲಕರ್ಮಿಯಿಂದ ಇಂದಿನ ಪ್ರಯೋಗಶಾಲೆಗೆ ಪರಂಪರೆಯ ಎಳೆಯೊಂದು ಹರಿದುಬಂದಿದೆಯೆಂದು ಹೇಳಬಾರದು. ಅಂಥ ಎಳೆ ಇಲ್ಲ. ಸಿಲಿಕಾನ್ ಬಿಲ್ಲೆಯ ಕೆತ್ತನೆಯು ವಿದ್ಯುನ್ಮಾನ ಉದ್ಯಮದಿಂದ ಬಂದುದು. ಅಳತೆಯಲ್ಲಿಯೂ ಅಪಾರ ಅಂತರವಿದೆ. ಪೀಠದ ಕಾಲುವೆಯಲ್ಲಿ ನೀರು ತನ್ನ ಭಾರದಿಂದ ಹರಿಯುತ್ತದೆ; ಕೂದಲಿನಷ್ಟು ಕಿರಿದಾದ ಕಾಲುವೆಯಲ್ಲಿ ಭಾರಕ್ಕಿಂತ ಗೋಡೆಯ ಹಿಡಿತ ಮತ್ತು ಸ್ನಿಗ್ಧತೆಗಳೇ ಪ್ರಬಲವಾಗಿ, ಎರಡು ದ್ರವಗಳು ಪಕ್ಕಪಕ್ಕದಲ್ಲಿ ಹರಿದರೂ ಬೇಗ ಬೆರೆಯವು. ಇದು ಬೇರೆಯೇ ಲೋಕ.

ಹೇಳಬಹುದಾದುದು ಇಷ್ಟು. ಪದಾರ್ಥದ ಸ್ವಭಾವವು ಒಂದೇ ಆದುದರಿಂದ ಅದು ಬಿಟ್ಟ ಗುರುತುಗಳೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ಇಂದಿನ ಸಂಶೋಧಕನು ಕಾಲುವೆಯನ್ನು ಅಡ್ಡಲಾಗಿ ಸೀಳಿ ನೋಡಿ, ಅದು ಬಟ್ಟಲಿನಂತಿದ್ದರೆ ಆಮ್ಲವೆಂದೂ ಇಳಿಜಾರಾಗಿ ತರಿಯಾಗಿದ್ದರೆ ಕಣಗಳ ಹೊಡೆತವೆಂದೂ ಗುರುತಿಸುತ್ತಾನೆ. ಬಂಡೆಯ ಗೆರೆಯನ್ನು ಸೀಳದೆಯೇ ಅದರ ಅಡ್ಡರೂಪವನ್ನು ಅಳೆದು ನಾವೂ ಹಾಗೆ ತರ್ಕಿಸಬಹುದು: ನುಣುಪಾದ ದೋಣಿರೂಪವು ಅರೆತವನ್ನು, ಚುಕ್ಕೆಚುಕ್ಕೆಯ ಒರಟು ತಳವು ಕುಟ್ಟುವಿಕೆಯನ್ನು, ಒಂದೇ ದಿಕ್ಕಿಗೆ ಓರೆಯಾದ ಏಟುಗಳು ಉಳಿಯನ್ನು ಸೂಚಿಸುತ್ತವೆ. ಶಾಸನವು ಅರಸನ ಹೆಸರನ್ನು ಹೇಳುತ್ತದೆ. ಕೆತ್ತಿದವನು ಎಡಗೈಯವನೋ ಬಲಗೈಯವನೋ, ಉಳಿಯನ್ನು ಎಷ್ಟು ಸಲ ಹದಗೊಳಿಸಬೇಕಾಯಿತೋ, ಎಲ್ಲಿ ಅವನ ಕೈ ದಣಿಯಿತೋ, ಇವನ್ನು ಹೇಳಬಲ್ಲುದು ಗೆರೆಯೊಂದೇ. ಹೆಸರಿಲ್ಲದವರ ಇತಿಹಾಸಕ್ಕೆ ಬೇರೆ ದಾಖಲೆಯಿಲ್ಲ.

ಈ ವಿದ್ಯೆಗೆ ದುಡಿಯುವವರು ತೆತ್ತ ಬೆಲೆಯನ್ನೂ ಮರೆಯಬಾರದು. ಸ್ಫಟಿಕದ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಪ್ರಯೋಗಶಾಲೆಯಲ್ಲಿ ಕಣಗಳ ಹೊಡೆತವು ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುತ್ತದೆ. ಬಿಸಿಲಿನಲ್ಲಿ ಒಣಕಲ್ಲನ್ನು ಕುಟ್ಟುವವನಿಗೆ ಅಂಥ ಪೆಟ್ಟಿಗೆಯಿಲ್ಲ. ನೀರು ಸುರಿದು ಅರೆಯುವುದರಿಂದ ಧೂಳು ತಗ್ಗುತ್ತದೆಂಬುದು ತಿಳಿದ ವಿಷಯ. ತಿಳಿದುದೆಲ್ಲ ಆಚರಣೆಗೆ ಬರುವುದಿಲ್ಲ.

೮. ಉಪಸಂಹಾರ

ಇಷ್ಟನ್ನು ಈಗಲೇ ಹೇಳಬೇಕಾದ ಕಾರಣವೊಂದಿದೆ. ೨೦೦೪ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಕಪ್ಪಗಲ್ಲಿನ ಬಂಡೆಚಿತ್ರಗಳನ್ನೂ ನಾದಶಿಲೆಗಳನ್ನೂ ಕುರಿತು ಬರೆದ ನಿಕೋಲ್ ಬೋವಿನ್ ಅವರು, ಕಲ್ಲುಗಣಿಯ ಕೆಲಸದಿಂದ ಆ ನೆಲೆಗೆ ಒದಗಿದ್ದ ಅಪಾಯವನ್ನೂ ದಾಖಲಿಸಿದರು. ಕುಟ್ಟಿ ಬಿಡಿಸಿದ ದನವೊಂದಕ್ಕೆ ಎಷ್ಟು ಏಟು ಬಿದ್ದಿದ್ದವೋ ತಿಳಿಯದು. ಅದನ್ನು ಹೊತ್ತ ಬಂಡೆಯನ್ನು ಸಿಡಿಸಲು ಒಂದೇ ಮದ್ದಿನ ಕುಳಿ ಸಾಕು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟರ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವೊಂದು ಏರ್ಪಟ್ಟಿರುವುದು ಸಂತೋಷದ ವಿಷಯ. ಆದರೆ ಕೊಡಲಿಯನ್ನು ಒಳಗೆ ತಂದಿಡಬಹುದು. ಬಂಡೆಯ ಮೇಲಿನ ಅರೆಗುಳಿಯನ್ನು ತರಲಾಗದು.

ಆದುದರಿಂದ ಈ ಮೂರು ತಾಲ್ಲೂಕುಗಳ ಕಾಲೇಜುಗಳ ಇತಿಹಾಸ ಶಾಖೆಗಳು ಒಂದು ಸಣ್ಣ ಕೆಲಸವನ್ನು ಕೈಗೊಳ್ಳಬಹುದೆಂದು ಈ ಲೇಖಕನ ಸೂಚನೆ. ತಮ್ಮ ಸಮೀಪದ ಅರೆಗುಳಿ, ಬೆಣೆಗುಳಿ, ಕುಟ್ಟುಚಿತ್ರ, ಶಾಸನಗಳ ಛಾಯಾಚಿತ್ರಗಳನ್ನು ಅಳತೆಪಟ್ಟಿಯಿಟ್ಟು, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆಯಬೇಕು. ಗೆರೆಯ ಅಗಲ ಆಳಗಳನ್ನು ಬರೆದಿಡಬೇಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು. ಭೌತಶಾಸ್ತ್ರ ಮತ್ತು ಭೂವಿಜ್ಞಾನದ ಅಧ್ಯಾಪಕರನ್ನು ಜೊತೆಗೆ ಕರೆದೊಯ್ಯಬೇಕು. ಊರಿನಲ್ಲಿ ಹಳೆಯ ಕಲ್ಲುಕುಟಿಗರಿದ್ದರೆ ಅವರನ್ನು ಮೊದಲು ಕರೆದೊಯ್ಯಬೇಕು. ಒಂದು ಗೆರೆಯ ಮುಂದೆ ಕುಳಿತು ಅದು ಎಷ್ಟು ಏಟುಗಳಿಂದ ಆಯಿತೆಂದು ಅವರು ಹೇಳಬಲ್ಲರು. ವಿದ್ಯಾರ್ಥಿಯು ಅದನ್ನು ಬರೆದುಕೊಳ್ಳಲಿ. ಯಾವ ಅರಸನ ಕಾಲದ್ದೆಂಬ ಪ್ರಶ್ನೆಯನ್ನು ಆಮೇಲೆ ಕೇಳಬಹುದು.